ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಮೇಲೆ ಗಾಡಿ ತಕರಾರು ಮಾಡಿದರೆ

ಹಳೆ ಅಂಬಾಸಿಡರ್, ಫಿಯೆಟ್ ಇಟ್ಟುಕೊಂಡವರು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಈಗಲೂ ಇದ್ದಾರೆ. ಕರೆಂಟನ್ನು ಕಡಿದು ಕಡಿದು ಪ್ಲಗ್‌ಗೆ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚಾದ ಸಿ.ಬಿ. ಪಾಯಿಂಟ್ ಉಜ್ಜಿ, ಗ್ಯಾಪ್ ಹಿಡಿದು, ಅದರ ಜತೆಗಿನ ಕಂಡೆನ್ಸರ್ ಬದಲಿಸಿ ಸಾಕಾಗಿ, ಒಂದು ದಿನ ಪಾಯಿಂಟ್ ಬದಲು ಕೂರುವ ಎಲೆಕ್ಟ್ರಾನಿಕ್ ಕಿಟ್ ತರಿಸುತ್ತಾರೆ. ಹಾಕಿದ ವಾರದಲ್ಲೇ ಗಾಡಿ ನಡುದಾರಿಯಲ್ಲಿ ನಿಂತರೆ ಮೊದಲ ಬೈಗುಳ ಕಿಟ್‌ಗೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ತಪ್ಪು ಕಿಟ್‌ನದಲ್ಲ. ಹಳೇ ವೈರಿಂಗ್, ತುಕ್ಕು ಹಿಡಿದ ಅರ್ಥ್ (ಬಾಡಿ ಮೂಲಕ ಕರೆಂಟ್ ವಾಪಸ್ ಹೋಗುವ ದಾರಿ), ಸೋತ ಬ್ಯಾಟರಿ, ತಪ್ಪಿದ ಟೈಮಿಂಗ್ (ಕಿಡಿ ಬೀಳುವ ಹೊತ್ತು), ಇವುಗಳಲ್ಲಿ ಒಂದು. ಪಾಯಿಂಟ್ ಅರೆಬರೆ ಕರೆಂಟ್‌ನಲ್ಲೂ ಹೇಗೋ ಕೆಲಸ ಸಾಗಿಸುತ್ತಿತ್ತು. ಕಿಟ್‌ನ ಎಲೆಕ್ಟ್ರಾನಿಕ್ ತುಂಡು, ಅಂದರೆ ಮಾಡ್ಯೂಲ್, ಸಾಗಿಸುವುದಿಲ್ಲ. ಇಷ್ಟು ವರ್ಷ ಪಾಯಿಂಟ್ ಮುಚ್ಚಿಟ್ಟಿದ್ದ ಹುಳುಕನ್ನು ಅದು ಹೊರಗೆ ಹಾಕುತ್ತದೆ.

ಇಲ್ಲಿ ಬರೆದಿರುವುದು ಕಿಡಿಯನ್ನು ಒಂದೊಂದೇ ಪ್ಲಗ್‌ಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೇ ಕೂರುವ ಕಿಟ್ ಬಗ್ಗೆ: ನಡುವೆ ತಿರುಗುವ ಕ್ಯಾಮ್ ಮೇಲೆ ಒಂದು ಅಯಸ್ಕಾಂತದ ಬಳೆ, ಪಾಯಿಂಟ್ ಇದ್ದ ಜಾಗದಲ್ಲಿ ಒಂದು ಪುಟ್ಟ ಮಾಡ್ಯೂಲ್, ಹೊರಗೆ ಬರುವ ಎರಡು ವೈರ್, ಒಂದು ಕೆಂಪು, ಒಂದು ಕಪ್ಪು. ಗಾಡಿ ಅಂದರೆ ನನ್ನ ಕಣ್ಣ ಮುಂದಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್‌ನ ಅಂಬಾಸಿಡರ್. ಪದ್ಮಿನಿಗೂ (ಫಿಯೆಟ್) ಬಹುತೇಕ ಇದೇ ಲೆಕ್ಕ. ಡೀಸೆಲ್ ಅಂಬಾಸಿಡರ್‌ನವರು ಇದನ್ನು ಓದಿ ಪ್ರಯೋಜನವಿಲ್ಲ, ಅದಕ್ಕೆ ಪ್ಲಗ್ ಕಿಡಿಯೇ ಬೇಡ.

ಬಾನೆಟ್ ಎತ್ತುವ ಮುಂಚೆ

ವೈರ್ ಬಿಚ್ಚುವಾಗ, ಹಾಕುವಾಗ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಶಲ್ಯ, ಲುಂಗಿ, ಸಡಿಲ ತೋಳಿನ ಅಂಗಿ ಫ್ಯಾನ್ ಬೆಲ್ಟ್ ಹತ್ತಿರ ಬೇಡ.

ಪಾಯಿಂಟ್ ಕಾಲದಲ್ಲಿ ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಬಾಡಿಗೆ ತೋರಿಸಿ ಕಿಡಿ ನೋಡುವ ರೂಢಿ ಎಲ್ಲ ಗ್ಯಾರೇಜ್‌ನಲ್ಲೂ ಇತ್ತು. ಅದನ್ನು ಇಲ್ಲಿಗೇ ಬಿಡಿ. 20,000 ವೋಲ್ಟ್ ಮೀರಿದ ಹೊಡೆತ ಕೈಗೆ ಬೀಳುವುದು ಒಂದು. ಕಿಡಿಗೆ ದಾರಿ ಸಿಗದಿದ್ದರೆ ಅದು ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಕಾಯಿಲ್ ಒಳಗೋ ಡಿಸ್ಟ್ರಿಬ್ಯೂಟರ್‌ನಲ್ಲಿ ತಿರುಗುವ ರೋಟರ್ ಮೂಲಕವೋ ದಾರಿ ಹುಡುಕಿ ಮಾಡ್ಯೂಲ್ ಸುಡುವುದು ಇನ್ನೊಂದು. ಒಂದು ಹೆಚ್ಚುವರಿ ಪ್ಲಗ್ ಇಟ್ಟುಕೊಳ್ಳಿ. ಅದನ್ನು ವೈರ್ ತುದಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಕ್ಲಿಪ್ ವೈರ್‌ನಿಂದ ಎಂಜಿನ್‌ಗೆ ಬಿಗಿದು, ಕಾರ್ಬ್ಯುರೇಟರ್‌ನಿಂದ ದೂರ ಇಟ್ಟು ಸೆಲ್ಫ್ ಹೊಡೆಸಿ. ನೀಲಿ ಬಣ್ಣದ, ಚಟ್ ಚಟ್ ಅಂತ ಸದ್ದು ಮಾಡುವ ಕಿಡಿ ಸರಿಯಾದದ್ದು. ತೆಳ್ಳಗೆ ಹಳದಿ-ಕೆಂಪಾಗಿ ಕಂಡರೆ ಕರೆಂಟ್ ಸಾಲದು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಈ ಕೆಲಸದ ಹತ್ತಿರ ನಿಲ್ಲುವುದೂ ಬೇಡ.

ಇನ್ನೆರಡು ಹಳೇ ಚಟ ಬಿಡಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಡೈನಮೋ ಚಾರ್ಜ್ ಮಾಡುತ್ತಿದೆಯೇ ಎಂದು ನೋಡುವುದು ಒಂದು. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಬಿಚ್ಚದೇ ಇರುವುದು ಇನ್ನೊಂದು. ಎರಡರಲ್ಲೂ ಮಾಡ್ಯೂಲ್ ಸತ್ತೇ ಹೋಗಬಹುದು. ವೆಲ್ಡಿಂಗ್‌ಗೆ ಬಿಡುವ ದಿನ ಕೆಂಪು, ಕಪ್ಪು ಎರಡೂ ವೈರ್ ಕಾಯಿಲ್‌ನಿಂದ ಬಿಚ್ಚಿ ಟೇಪ್ ಸುತ್ತಿಡಿ.

ಬೇಕಾದ ಸಾಮಾನು ಹೆಚ್ಚಿಲ್ಲ: ಎರಡು ವೈರ್ ಜೋಡಿಸಿದ 12 ವೋಲ್ಟ್‌ನ ಸಣ್ಣ ಬಲ್ಬ್, ಸಾದಾ ಮಲ್ಟಿಮೀಟರ್, ಸಂದು ಅಳೆಯುವ ಫಿಲ್ಲರ್ ಗೇಜ್. ಕಿಡಿ ಬೀಳುವ ಹೊತ್ತನ್ನು ತೋರಿಸುವ ಟೈಮಿಂಗ್ ಲೈಟ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಮತ್ತು ಬಿಚ್ಚಿದ ಹಳೇ ಪಾಯಿಂಟ್ ಸೆಟ್, ಕಂಡೆನ್ಸರ್ ಎರಡನ್ನೂ ಒಂದು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿ ಇಡಿ. ಅದು ಯಾಕೆ ಎನ್ನುವುದು ಮುಂದೆ ಬರುತ್ತದೆ.

“ಸೆಲ್ಫ್ ಜೋರಾಗಿ ತಿರುಗತೈತಿ, ಗಾಡಿ ಚಾಲೂ ಆಗವಲ್ದು”

ಕಿಟ್ ಹಾಕಿದ ಮೊದಲ ದಿನವೇ ಹೀಗಾದರೆ ಕೀ ಆಫ್ ಮಾಡಿ. ಹತ್ತಾರು ಸಲ ಸೆಲ್ಫ್ ಹೊಡೆಯುವುದರಿಂದ ಬ್ಯಾಟರಿ ಇಳಿಯುತ್ತದೆ, ಸಿಲಿಂಡರ್‌ಗಳಲ್ಲಿ ಪೆಟ್ರೋಲ್ ತುಂಬುತ್ತದೆ, ಅಷ್ಟೇ.

ಮೊದಲು ಕಣ್ಣಿನಿಂದ ನೋಡಿ. ಕೆಂಪು ವೈರ್ ಕಾಯಿಲ್‌ನ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಹಳೇ ಲ್ಯೂಕಾಸ್ ಕಂಪನಿಯ ಕಾಯಿಲ್ ಮೇಲೆ ಪ್ಲಸ್ ಮೈನಸ್ ಬದಲು ಎಸ್‌ಡಬ್ಲ್ಯು, ಸಿಬಿ ಎಂದಿರುತ್ತದೆ. ಕೀ ಕಡೆಯಿಂದ ವೈರ್ ಬರುವ ಎಸ್‌ಡಬ್ಲ್ಯು ಕಡೆಗೆ ಕೆಂಪು, ಡಿಸ್ಟ್ರಿಬ್ಯೂಟರ್‌ಗೆ ಹೋಗುತ್ತಿದ್ದ ಸಿಬಿ ಕಡೆಗೆ ಕಪ್ಪು. ತಿರುವು ಮುರುವು ಆಗಿ ಕೀ ಹಾಕಿದ್ದರೆ ಮಾಡ್ಯೂಲ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಬ್ರಿಟಿಷ್ ಮೂಲದ ಬಹಳ ಹಳೇ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗಿರುವುದೂ ಉಂಟು. ಬ್ಯಾಟರಿಯ ಯಾವ ಕಂಬದ ಕೇಬಲ್ ಬಾಡಿಗೆ ಬಿಗಿದಿದೆ ಎಂದು ಒಮ್ಮೆ ಬಗ್ಗಿ ನೋಡಿ. ಅದು ಪ್ಲಸ್ ಆಗಿದ್ದರೆ ಮೈನಸ್ ಅರ್ಥ್‌ನ ಕಿಟ್ ಆ ಗಾಡಿಗೆ ನಡೆಯುವುದಿಲ್ಲ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ರೋಟರ್ ಎಳೆದು ನೋಡಿ. ಅಯಸ್ಕಾಂತದ ಬಳೆ ಕ್ಯಾಮ್ ಮೇಲೆ ಕೆಳಗಿನವರೆಗೂ ಕೂತಿರಬೇಕು, ಆಚೀಚೆ ಅಲುಗಬಾರದು. ಅಲುಗಿದರೆ ಬೇರೆ ಡಿಸ್ಟ್ರಿಬ್ಯೂಟರ್‌ನ ಕಿಟ್ ಬಂದಿದೆ. ಲ್ಯೂಕಾಸ್‌ನಲ್ಲೇ ಹಲವು ನಮೂನೆಗಳಿವೆ, ಮೈಮೇಲೆ ಕೊರೆದಿರುವ ನಂಬರ್ ನೋಡಿ ತರಿಸಬೇಕು. ಬಳೆ ಪೂರ್ತಿ ಇಳಿಯದಿದ್ದರೆ ರೋಟರ್ ಎತ್ತರದಲ್ಲಿ ನಿಲ್ಲುತ್ತದೆ. ಆ ಮೇಲೆ ಕ್ಯಾಪ್ ಒತ್ತಿ ಕ್ಲಿಪ್ ಹಾಕಿದರೆ ಕ್ಯಾಪ್ ಒಳಗಿನ ಕಾರ್ಬನ್ ಬ್ರಷ್ ಪುಡಿಯಾಗುತ್ತದೆ. ಮಾಡ್ಯೂಲ್‌ಗೂ ಬಳೆಗೂ ನಡುವಿನ ಸಂದು ಕಿಟ್ ಚೀಟಿಯಲ್ಲಿ ಬರೆದಷ್ಟೇ ಇರಲಿ. ಹಳೇ ಕಂಡೆನ್ಸರ್ ಕಾಯಿಲ್ ಮೈನಸ್‌ಗೆ ಇನ್ನೂ ಜೋತಾಡುತ್ತಿದ್ದರೆ ಬಿಚ್ಚಿ.

ಈಗ ಬಲ್ಬ್. ಕೀ ಆನ್, ಬಲ್ಬಿನ ಒಂದು ತುದಿ ಕಾಯಿಲ್ ಪ್ಲಸ್‌ಗೆ, ಇನ್ನೊಂದು ಬಾಡಿಗೆ. ಉರಿಯದಿದ್ದರೆ ಕೀಯಿಂದ ಕಾಯಿಲ್‌ವರೆಗಿನ ದಾರಿಯಲ್ಲೇ ತೊಂದರೆ, ಮಾಡ್ಯೂಲ್ ಕಡೆ ಹೋಗುವ ಅಗತ್ಯವಿಲ್ಲ. ಉರಿದರೆ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕಾಯಿಲ್ ಮೈನಸ್‌ಗೆ ಹಾಕಿ, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಈ ಒಂದು ಪರೀಕ್ಷೆ ಇಡೀ ಕೈಪಿಡಿಯಷ್ಟು ಬೆಲೆಬಾಳುತ್ತದೆ:

ಬಲ್ಬ್ ಮಿಣಮಿಣ ಎಂದರೆ ಮಾಡ್ಯೂಲ್ ತನ್ನ ಕೆಲಸ ಮಾಡುತ್ತಿದೆ. ತಪ್ಪು ಕಾಯಿಲ್‌ನಲ್ಲಿ, ಕಾಯಿಲ್‌ನಿಂದ ಕ್ಯಾಪ್‌ಗೆ ಹೋಗುವ ನಡುವಿನ ವೈರ್‌ನಲ್ಲಿ, ರೋಟರ್‌ನಲ್ಲಿ ಅಥವಾ ಕ್ಯಾಪ್‌ನಲ್ಲಿ. ಕಾಯಿಲ್‌ನಿಂದ ನೇರ ಕಿಡಿ ಬಂದು ಪ್ಲಗ್‌ಗೆ ಬಾರದಿದ್ದರೆ ಕ್ಯಾಪ್-ರೋಟರ್ ಬದಲಿಸಿ. ಕಾಯಿಲ್‌ನಿಂದಲೇ ಬಾರದಿದ್ದರೆ ಮೊದಲು ಆ ನಡುವಿನ ವೈರ್, ಆಮೇಲೆ ಕಾಯಿಲ್.

ಬಲ್ಬ್ ಒಂದೇ ಸಮ ಉರಿದರೆ ಮಾಡ್ಯೂಲ್ ಒಳಗೆ ಶಾರ್ಟ್ ಆಗಿದೆ, ಇಲ್ಲವೇ ಕಪ್ಪು ವೈರ್ ಎಲ್ಲೋ ಬಾಡಿಗೆ ತಾಗಿದೆ. ವೈರ್ ಬಿಚ್ಚಿದ ಮೇಲೂ ಉರಿಯುತ್ತಿದ್ದರೆ ಶಾರ್ಟ್ ಕಾಯಿಲ್ ಮೈನಸ್‌ಗೆ ಬಿಗಿದ ಬೇರೆ ಯಾವುದೋ ವೈರ್‌ನದು.

ಬಲ್ಬ್ ಉರಿಯಲೇ ಇಲ್ಲ ಎಂದರೆ ಮಾಡ್ಯೂಲ್‌ಗೆ ಊಟ ಸಿಗುತ್ತಿಲ್ಲ ಅಥವಾ ಅರ್ಥ್ ಇಲ್ಲ ಅಥವಾ ಬಳೆಯ ಸಂದು ಹೆಚ್ಚಾಗಿದೆ. ಮೂರೂ ಸರಿ ಇದ್ದೂ ಹೀಗಾದರೆ ಆಗ ಮಾತ್ರ ಮಾಡ್ಯೂಲ್ ಸತ್ತಿದೆ ಅನ್ನಬಹುದು.

ಅರ್ಥ್ ಎಂದೆ. ಡಿಸ್ಟ್ರಿಬ್ಯೂಟರ್ ಒಳಗಿನ ತಟ್ಟೆ ವ್ಯಾಕ್ಯೂಮ್ ಅಡ್ವಾನ್ಸ್‌ಗೆ (ಎಂಜಿನ್ ಗಾಳಿ ಹೀರುವ ಎಳೆತದಿಂದ ಕಿಡಿಯನ್ನು ಮುಂಚೆ ತರುವ ಏರ್ಪಾಡು) ತಕ್ಕಂತೆ ತಿರುಗಬೇಕು, ಹಾಗಾಗಿ ಅದನ್ನು ಮೈಗೆ ಜೋಡಿಸುವುದು ಬೆರಳುದ್ದವೂ ಇಲ್ಲದ, ಬಟ್ಟೆ ಹೊದಿಕೆಯ ಒಂದು ಮೆತ್ತನೆಯ ವೈರ್. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ಎಳೆಗಳು ಕಡಿದಿರುತ್ತವೆ, ಹೊರಗಿನ ಬಟ್ಟೆ ಮಾತ್ರ ಹಿಡಿದುಕೊಂಡಿರುತ್ತದೆ. ಕಣ್ಣಿಗೆ ಗಟ್ಟಿಯಾಗೇ ಕಾಣುತ್ತದೆ. ಮಲ್ಟಿಮೀಟರ್‌ನ ಕೆಂಪು ಮುಳ್ಳು ಆ ತಟ್ಟೆಗೆ, ಕಪ್ಪು ಮುಳ್ಳು ಬ್ಯಾಟರಿ ಮೈನಸ್‌ಗೆ ಇಟ್ಟು ಸೆಲ್ಫ್ ಹೊಡೆಸಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ದಾರಿಯಲ್ಲಿ ಎಲ್ಲೋ ತಡೆ ಇದೆ. ಈ ಪುಟ್ಟ ವೈರ್ ಬದಲಿಸಲು ಖರ್ಚೇ ಇಲ್ಲ ಅನ್ನಬಹುದು. ಇದೊಂದನ್ನು ನೋಡದೆ ಹೊಸ ಮಾಡ್ಯೂಲ್ ತರಿಸಿದವರು ಎಷ್ಟೋ ಮಂದಿ.

“ಕೀ ಬಿಟ್ಟ ಕೂಡ್ಲೇ ಚಾಲೂ ಆಗತೈತಿ, ಹಿಡಿದಾಗ ಆಗೂದಿಲ್ಲ”

ಸೆಲ್ಫ್ ತಿರುಗುತ್ತಿರುವಷ್ಟು ಹೊತ್ತು ಏನೂ ಇಲ್ಲ. ಬೇಸತ್ತು ಕೀ ಬಿಟ್ಟ ಕ್ಷಣ ಎಂಜಿನ್ ಒಮ್ಮೆ ಕೆಮ್ಮುತ್ತದೆ, ಕೆಲವೊಮ್ಮೆ ಹಿಡಿದೂ ಬಿಡುತ್ತದೆ. ಇದು ಬಹಳ ಸ್ಪಷ್ಟವಾದ ಗುರುತು: ಸೆಲ್ಫ್ ಮೋಟಾರ್ ಕರೆಂಟ್ ಎಳೆದುಕೊಳ್ಳುವಾಗ ಮಾಡ್ಯೂಲ್‌ಗೆ ವೋಲ್ಟೇಜ್ ಸಾಲುತ್ತಿಲ್ಲ. ಕೀ ಬಿಟ್ಟಾಗ ವೋಲ್ಟೇಜ್ ಮೇಲೇಳುತ್ತದೆ, ಎಂಜಿನ್ ಇನ್ನೂ ತಿರುಗುತ್ತಿರುತ್ತದೆ, ಒಂದು ಕಿಡಿ ಬೀಳುತ್ತದೆ.

ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ ಅಥವಾ ಸೆಲ್ಫ್ ಮೋಟಾರ್ ಬಿಗಿಯಾಗಿ ಹೆಚ್ಚು ಎಳೆಯುತ್ತಿದೆ. ಆದರೆ ಬ್ಯಾಟರಿ ಮೇಲೆ ಅಳೆದು ಬಿಡಬೇಡಿ. ಮೀಟರನ್ನು ಕೆಂಪು ವೈರ್ ಕೂತಿರುವ ಕಾಯಿಲ್ ಪ್ಲಸ್ ಮೇಲೆ ಇಟ್ಟು ಇನ್ನೊಮ್ಮೆ ಸೆಲ್ಫ್ ಹೊಡೆಸಿ. ಬ್ಯಾಟರಿಗೂ ಇಲ್ಲಿಗೂ ಅರ್ಧ ವೋಲ್ಟ್‌ಗಿಂತ ಹೆಚ್ಚು ಅಂತರ ಬಂದರೆ ನಡುವೆ ಇರುವ ಕೀ ಸ್ವಿಚ್, ಫ್ಯೂಸ್ ಡಬ್ಬಿ, ಬುಲೆಟ್ ಕನೆಕ್ಟರ್ ಯಾವುದೋ ಒಂದು ಕರೆಂಟ್ ತಿನ್ನುತ್ತಿದೆ. ಅಂಬಾಸಿಡರ್ ತಯಾರಿಕೆ ನಿಂತದ್ದೇ 2014ರಲ್ಲಿ. ನೀವು ಓಡಿಸುವ ಪೆಟ್ರೋಲ್ ಗಾಡಿಯ ವೈರಿಂಗ್ ಅದಕ್ಕೂ ಎಷ್ಟೋ ವರ್ಷ ಹಳೆಯದು.

ಗುರುತು ಹಿಡಿಯಲು ಸುಲಭ ದಾರಿ: ಫ್ಯೂಸ್ ಹಾಕಿದ ಒಂದು ವೈರನ್ನು ಬ್ಯಾಟರಿ ಪ್ಲಸ್‌ನಿಂದ ಕಾಯಿಲ್ ಪ್ಲಸ್‌ಗೆ ನೇರ ಕೊಡಿ. ಕೂಡಲೇ ಹಿಡಿದರೆ ವೈರಿಂಗ್ ತಪ್ಪು ಎಂದು ಖಾತ್ರಿ. ಆ ವೈರ್ ಇರುವವರೆಗೆ ಕೀ ತಿರುಗಿಸಿದರೂ ಎಂಜಿನ್ ನಿಲ್ಲುವುದಿಲ್ಲ, ವೈರನ್ನೇ ಕೀಳಬೇಕು ಎಂಬುದು ನೆನಪಿರಲಿ. ಹಾಗೆಯೇ ಕಟ್ಟಿಕೊಂಡು ಊರಿಗೆ ಹೋಗುವ ಸಾಹಸ ಬೇಡ. ಶಾಶ್ವತ ಪರಿಹಾರ ಒಂದು ರಿಲೇ: ಬ್ಯಾಟರಿಯಿಂದ ಫ್ಯೂಸ್ ಮೂಲಕ ಕಾಯಿಲ್‌ಗೆ ನೇರ ದಾರಿ, ಹಳೇ ಕೀ ವೈರ್ ರಿಲೇಯನ್ನು ಎಬ್ಬಿಸಲು ಮಾತ್ರ. ಆಟೋ ಎಲೆಕ್ಟ್ರಿಷಿಯನ್‌ಗೆ ಇದು ಅರ್ಧ ಗಂಟೆಯ ಕೆಲಸ.

ಕಾಯಿಲ್ ದಾರಿಯಲ್ಲಿ ಕರೆಂಟ್ ತಗ್ಗಿಸುವ ಬ್ಯಾಲಾಸ್ಟ್ ರೆಸಿಸ್ಟರ್ ಇದ್ದರೆ ಕೆಂಪು ವೈರ್ ಅದರ ಮುಂಚೆ, ಪೂರ್ತಿ 12 ವೋಲ್ಟ್ ಸಿಗುವ ಕಡೆ ಸೇರಬೇಕು.

ಸೆಲ್ಫ್ ಹೊಡೆಯುವಾಗ ಚೋಕ್ ಕೇಬಲ್ ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ ಎಂಜಿನ್‌ಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ಕಡಿದಿದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಸೆಲ್ಫ್‌ನ ಕರೆಂಟ್ ಎಲ್ಲ ಆ ಸಣ್ಣ ತಂತಿ ಕೇಬಲ್ ಮೂಲಕ ವಾಪಸ್ ಹೋಗುತ್ತಿದೆ. ಹೊಗೆ ಬರುವ ಮುಂಚೆ ನಿಲ್ಲಿಸಿ, ಹೊಸ ಪಟ್ಟಿ ಹಾಕಿ, ಎರಡೂ ತುದಿಯ ಪೇಂಟ್ ಕೆರೆದು ಬಿಗಿಯಿರಿ.

“ಹಿಂದಕ್ಕ ಒದಿತೈತಿ, ಸೈಲೆನ್ಸರ್‌ನಾಗ ಪಟಾಕಿ, ಏರು ಹತ್ತವಲ್ದು”

ಇಷ್ಟೂ ಒಂದೇ ಮನೆಯ ಕಾಯಿಲೆ: ಟೈಮಿಂಗ್. ಪಾಯಿಂಟ್ ತೆರೆಯುವ ಜಾಗ ಬೇರೆ, ಅಯಸ್ಕಾಂತ ಮಾಡ್ಯೂಲನ್ನು ದಾಟುವ ಜಾಗ ಬೇರೆ. ಡಿಸ್ಟ್ರಿಬ್ಯೂಟರ್ ಅಲುಗಿಸದೆ ಕಿಟ್ ಹಾಕಿದರೂ ಟೈಮಿಂಗ್ ಬದಲಾಗುತ್ತದೆ. ಅಂದಮೇಲೆ ಹೊಸದಾಗಿ ಹಿಡಿಯಲೇಬೇಕು. “ಪಾಯಿಂಟ್ ಇದ್ದಾಗ ಸರಿ ಇತ್ತಲ್ಲ” ಎಂಬ ವಾದ ಇಲ್ಲಿ ನಡೆಯದು.

ಅದಕ್ಕೂ ಮುಂಚೆ ಪುಕ್ಕಟೆ ಪರೀಕ್ಷೆ: ಪ್ಲಗ್ ವೈರ್‌ಗಳ ಸಾಲು. ಅಂಬಾಸಿಡರ್‌ನಲ್ಲಿ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಸರದಿ) 1-3-4-2, ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಪದ್ಮಿನಿಗೂ 1-3-4-2 ಆರ್ಡರ್; ರೋಟರ್ ಯಾವ ಕಡೆ ತಿರುಗುತ್ತದೆ ಎಂದು ಕ್ಯಾಪ್ ತೆಗೆದು ಸೆಲ್ಫ್ ಹೊಡೆಸಿ ನೋಡಿಕೊಂಡು ವೈರ್ ಹಾಕಿ. ಎರಡು ವೈರ್ ಅದಲು ಬದಲಾದರೆ ಕಾರ್ಬ್ಯುರೇಟರ್ ಕಡೆಯಿಂದ ಉಗುಳುತ್ತದೆ, ಎಂಜಿನ್ ಎರಡು ಸಿಲಿಂಡರ್ ಮೇಲೆ ಕುಂಟುತ್ತದೆ.

ಸಾಲು ಸರಿ ಇದ್ದರೆ ಟೈಮಿಂಗ್ ಲೈಟ್ ಹಿಡಿಯಿರಿ. ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿ ಮುಚ್ಚಿ, ಎಂಜಿನ್ ಸ್ಲೋದಲ್ಲಿ ಬಿಟ್ಟು, ಗಾಡಿಯ ಪುಸ್ತಕದಲ್ಲಿ ಕೊಟ್ಟ ಡಿಗ್ರಿಗೆ ಹೊಂದಿಸಿ. ರೋಟರ್ ತಿರುಗುವ ಕಡೆಗೇ ಡಿಸ್ಟ್ರಿಬ್ಯೂಟರ್ ಮೈ ತಿರುಗಿಸಿದರೆ ಕಿಡಿ ತಡವಾಗುತ್ತದೆ, ಎದುರು ತಿರುಗಿಸಿದರೆ ಮುಂಚೆ ಬರುತ್ತದೆ. ಕಿಡಿ ಬಹಳ ಮುಂಚೆ ಬಂದರೆ ಸೆಲ್ಫ್ ಹಿಂದಕ್ಕೆ ಒದೆಯುತ್ತದೆ, ಏರಿನಲ್ಲಿ ಎಂಜಿನ್ ಒಳಗಿನಿಂದ ಟಕಟಕ ಸದ್ದು ಬರುತ್ತದೆ. ತಡವಾದರೆ ಪಿಕಪ್ ಇರುವುದಿಲ್ಲ, ಎಂಜಿನ್ ಬೇಗ ಕಾಯುತ್ತದೆ, ಸೈಲೆನ್ಸರ್ ಸಿಡಿಯುತ್ತದೆ. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಏರಿನಲ್ಲಿ ಟಕಟಕ ಕೇಳಿಸಿಯೂ ಆಕ್ಸಿಲರೇಟರ್ ತುಳಿಯುತ್ತಾ ಹೋದರೆ ಪಿಸ್ಟನ್‌ಗೇ ಪೆಟ್ಟು. ಗೇರ್ ಇಳಿಸಿ, ನಿಧಾನಕ್ಕೆ ಇಳಿದು ಬಂದು ಟೈಮಿಂಗ್ ಎರಡು ಡಿಗ್ರಿ ತಡ ಮಾಡಿ ನೋಡಿ.

ಸ್ಲೋದಲ್ಲಿ ಟೈಮಿಂಗ್ ಸರಿ ಕಂಡರೂ ರೇಸ್ ಮಾಡಿದಾಗ ಟೈಮಿಂಗ್ ಲೈಟಿನಲ್ಲಿ ಕಾಣುವ ಗುರುತು ಮುಂದೆ ಸರಿಯದಿದ್ದರೆ, ವೇಗ ಏರಿದಂತೆ ಕಿಡಿಯನ್ನು ಮುಂಚೆ ತರುವ ತಟ್ಟೆಯ ಕೆಳಗಿನ ತೂಕದ ಕಲ್ಲುಗಳು ಜಿಡ್ಡು ಹಿಡಿದು ಅಂಟಿವೆ. ಗುರುತು ಒಂದೆಡೆ ನಿಲ್ಲದೆ ಹಿಂದೆ ಮುಂದೆ ನಡುಗಿದರೆ ಶಾಫ್ಟ್ ಬುಷ್ ಸವೆದಿದೆ. ರೋಟರ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕೈಗೆ ಆಟ ತಿಳಿದರೆ ಬುಷ್ ಹಾಕಿಸಬೇಕು. ಪಾಯಿಂಟ್‌ಗಿಂತ ಮಾಡ್ಯೂಲ್ ಈ ಆಟವನ್ನು ಸ್ವಲ್ಪ ಸಹಿಸುತ್ತದೆ. ಸಹಿಸುತ್ತದೆ ಎಂದರೆ ಸರಿ ಮಾಡುತ್ತದೆ ಎಂದಲ್ಲ. ಇದು ಲೇತ್ ಕೆಲಸ, ಮನೆಯಲ್ಲಿ ಆಗುವುದಲ್ಲ.

“ತಣ್ಣಗಿದ್ದಾಗ ಭೇಷ್, ಬಿಸಿಯಾದ ಮ್ಯಾಗ ಬಂದ್ ಬೀಳತೈತಿ”

ನಮ್ಮ ಮೂರೂ ಜಿಲ್ಲೆಯವರಿಗೆ ಅತಿ ಹೆಚ್ಚು ಕಾಡುವುದು ಇದು. ಏಪ್ರಿಲ್-ಮೇ ಮಧ್ಯಾಹ್ನ ಹೊರಗೇ 40 ಡಿಗ್ರಿ ದಾಟಿರುತ್ತದೆ, ಬಾನೆಟ್ ಒಳಗೆ ಕೇಳುವುದೇ ಬೇಡ. ರಾಯಚೂರಿನಿಂದ ಸಿಂಧನೂರಿನವರೆಗೆ ಚೆನ್ನಾಗಿ ಬಂದ ಗಾಡಿ ಚಹಾಕ್ಕೆ ನಿಲ್ಲಿಸಿ ಹೊರಟ ಐದೇ ನಿಮಿಷಕ್ಕೆ ಕೈಕೊಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಮತ್ತೆ ಓಡುತ್ತದೆ. ಮೂರು ಕಳ್ಳರು ಒಂದೇ ವೇಷದಲ್ಲಿ ಬರುತ್ತಾರೆ: ಪೆಟ್ರೋಲ್ ಆವಿಯಾಗುವುದು, ಕಾಯಿಲ್ ಕಾಯುವುದು, ಮಾಡ್ಯೂಲ್ ಕಾಯುವುದು.

ಗಾಡಿ ನಿಂತ ಆ ಕ್ಷಣವೇ, ಬಿಸಿ ಇರುವಾಗಲೇ ಕಿಡಿ ನೋಡಬೇಕು. ತಣ್ಣಗಾದ ಮೇಲೆ ಗ್ಯಾರೇಜ್‌ಗೆ ಒಯ್ದು ತೋರಿಸಿದರೆ ಮೆಕ್ಯಾನಿಕ್ ಅಣ್ಣನಿಗೂ ಏನೂ ಸಿಗುವುದಿಲ್ಲ. ಹೆಚ್ಚುವರಿ ಪ್ಲಗ್ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ.

ನೀಲಿ ಕಿಡಿ ಬಂದರೆ ಇಗ್ನಿಷನ್ ಬಿಟ್ಟುಬಿಡಿ, ಪೆಟ್ರೋಲ್ ಕಡೆ ಹೋಗಿ. ಪಂಪ್ ಮತ್ತು ಪೈಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕಾಯಿರಿ. ಚಾಲೂ ಆದರೆ ಪೆಟ್ರೋಲ್ ಪೈಪ್ ಒಳಗೇ ಆವಿಯಾಗುತ್ತಿತ್ತು. ಪೈಪನ್ನು ಸೈಲೆನ್ಸರ್ ಕವಲಿನಿಂದ ದೂರ ಸರಿಸಿ. ಈಗ ಬಂಕ್‌ನಲ್ಲಿ ಸಿಗುವ 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್‌ಗೆ ಹಳೇ ರಬ್ಬರ್ ಪೈಪ್‌ಗಳು ಮೆತ್ತಗಾಗುವುದೂ ಉಂಟು. ಬೆರಳಲ್ಲಿ ಹಿಚುಕಿದರೆ ಅಂಟು ಅಂಟಾದರೆ ಬದಲಿಸಿ. ಎಲ್ಲಾದರೂ ಪೆಟ್ರೋಲ್ ಜಿನುಗುತ್ತಿದ್ದರೆ ಕಿಡಿ ಪರೀಕ್ಷೆ ಮಾಡಲೇಬೇಡಿ, ಸೆಲ್ಫ್ ಕೂಡ ಹೊಡೆಯಬೇಡಿ.

ಕಿಡಿ ಇಲ್ಲದಿದ್ದರೆ ಕಾಯಿಲ್‌ಗೆ ಬನ್ನಿ. ಓಡಿ ಬಂದ ಕಾಯಿಲ್ ಬಿಸಿ ಇರುವುದು ಸಹಜ. ಬೆರಳು ಇಟ್ಟ ಕೂಡಲೇ ತೆಗೆಯುವಷ್ಟು ಇದ್ದರೆ ಅನುಮಾನ. ಕೀ ಆಫ್ ಮಾಡಿ, ಟರ್ಮಿನಲ್‌ಗಳಿಗೆ ನೀರು ತಾಗದಂತೆ ಕಾಯಿಲ್ ಹೊಟ್ಟೆಗೆ ಮಾತ್ರ ಒದ್ದೆ ಬಟ್ಟೆ ಸುತ್ತಿ. ಹತ್ತು ನಿಮಿಷದಲ್ಲಿ ಕಿಡಿ ವಾಪಸ್ ಬಂದರೆ ಕಾಯಿಲ್ ಮುಗಿದಿದೆ. ಡಿಸ್ಟ್ರಿಬ್ಯೂಟರ್ ಮೇಲೆ ನೀರು ಸುರಿಯುವವರನ್ನೂ ನೋಡಿದ್ದೇನೆ. ಬೇಡ.

ಮನೆಗೆ ಬಂದ ಮೇಲೆ ಕಾಯಿಲ್ ಅಳೆಯಿರಿ. ಎರಡೂ ವೈರ್ ಬಿಚ್ಚಿ ಪ್ಲಸ್ ಮೈನಸ್ ನಡುವೆ ಓಮ್ ನೋಡಿ. ಅಗ್ಗದ ಮೀಟರ್‌ನ ಎರಡು ಮುಳ್ಳು ಒಂದಕ್ಕೊಂದು ತಾಗಿಸಿದರೂ 0.3 ಓಮ್ ತೋರಿಸಬಹುದು, ಅದನ್ನು ಕಳೆಯಿರಿ. ಸಾದಾ 12 ವೋಲ್ಟ್ ಕಾಯಿಲ್ ಸುಮಾರು 3 ಓಮ್ ಇರುತ್ತದೆ, ಬ್ಯಾಲಾಸ್ಟ್ ಜತೆ ಓಡಿಸುವ ಕಾಯಿಲ್ ಸುಮಾರು 1.5. ಲೆಕ್ಕ ನೋಡಿ: 14 ವೋಲ್ಟ್‌ನಲ್ಲಿ 3 ಓಮ್ ಕಾಯಿಲ್ ಮೂಲಕ ಹೆಚ್ಚೆಂದರೆ 4.7 ಆಂಪಿಯರ್, 1.5 ಓಮ್ ಆದರೆ 9.3. ಕಿಟ್ ಜತೆ ಚೆಂದ ಕಾಣಲಿ ಎಂದು ಅಂಗಡಿಯವನು ಕೊಟ್ಟ “ಹೈ ಪವರ್” ಕಾಯಿಲ್‌ಗೆ ಬ್ಯಾಲಾಸ್ಟ್ ಇಲ್ಲದಿದ್ದರೆ ಮಾಡ್ಯೂಲ್ ಬೇಸಿಗೆ ದಾಟುವುದಿಲ್ಲ. ಕಿಟ್ ಚೀಟಿಯಲ್ಲಿ ಕನಿಷ್ಠ ಎಷ್ಟು ಓಮ್ ಎಂದು ಬರೆದಿರುತ್ತದೆ. ಅದಕ್ಕಿಂತ ಕಡಿಮೆಯ ಕಾಯಿಲ್ ಎಷ್ಟು ಪುಕ್ಕಟೆ ಸಿಕ್ಕರೂ ಬೇಡ ಎನ್ನಿ.

ಇನ್ನೊಂದು ಅಭ್ಯಾಸ: ಎಂಜಿನ್ ಬಂದ್ ಮಾಡಿ, ಕೀ ಮಾತ್ರ ಆನ್ ಇಟ್ಟು ಹಾಡು ಕೇಳುತ್ತಾ ಕೂರುವುದು. ಕೆಲವು ಮಾಡ್ಯೂಲ್‌ಗಳು ಆ ಹೊತ್ತೆಲ್ಲ ಕಾಯಿಲ್‌ಗೆ ಕರೆಂಟ್ ಹರಿಸುತ್ತಲೇ ಇರುತ್ತವೆ. ರೇಡಿಯೋಗೆ ಬೇರೆ ವೈರ್ ಎಳೆಸಿ.

ಕಾಯಿಲ್ ಸರಿ, ಪೆಟ್ರೋಲ್ ಸರಿ, ಬಿಸಿಯಲ್ಲಿ ಬಲ್ಬ್ ಪರೀಕ್ಷೆಗೆ ಮಿಣಮಿಣ ಇಲ್ಲ, ತಣ್ಣಗಾದ ಮೇಲೆ ಇದೆ. ಹೀಗಿದ್ದರೆ ಮಾಡ್ಯೂಲ್‌ನದೇ ತಪ್ಪು. ರಿಪೇರಿ ಇಲ್ಲ, ಬದಲಿಸುವುದೇ.

“ಓಡ್ತಾ ಓಡ್ತಾ ಮಿಸ್ ಹೊಡಿತೈತಿ, ಗುಂಡಿ ಬಿದ್ರ ಬಂದ್”

ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಗಾಡಿ ಕುಲುಕಿದಾಗ ಒಂದು ಕ್ಷಣ ಸತ್ತು ಮತ್ತೆ ಹಿಡಿದರೆ ಸಡಿಲ ಕನೆಕ್ಷನ್ ಹುಡುಕಿ. ಎಂಜಿನ್ ಸ್ಲೋದಲ್ಲಿ ಬಿಟ್ಟು, ಕಾಯಿಲ್‌ನ ಸಣ್ಣ ವೈರ್‌ಗಳು, ಫ್ಯೂಸ್ ಡಬ್ಬಿ, ಕೀ ಹಿಂದಿನ ವೈರ್ ಒಂದೊಂದನ್ನೇ ಒಣ ಮರದ ಕಡ್ಡಿಯಿಂದ ಅಲುಗಿಸಿ. ಯಾವುದಕ್ಕೆ ಎಂಜಿನ್ ತಡವರಿಸುತ್ತದೋ ಅದೇ. ಪ್ಲಗ್ ವೈರ್‌ಗಳಿಗೆ ಕೈ ಹಾಕಬೇಡಿ.

ಡಿಸ್ಟ್ರಿಬ್ಯೂಟರ್ ಒಳಗೆ ಕೆಂಪು-ಕಪ್ಪು ವೈರ್‌ಗಳಿಗೆ ತಟ್ಟೆ ತಿರುಗುವಷ್ಟು ಸಡಿಲ ಇರಬೇಕು, ಬಳೆಗೆ ಉಜ್ಜುವಷ್ಟು ಅಲ್ಲ. ಬಿಗಿಯಾದರೆ ವ್ಯಾಕ್ಯೂಮ್ ಎಳೆದಾಗ ಎಳೆ ಕಡಿಯುತ್ತದೆ. ಆಗಿನ ಗುರುತು ವಿಚಿತ್ರ: ಸ್ಲೋದಲ್ಲಿ ಸರಿ, ಹದವಾದ ವೇಗದಲ್ಲಿ ಮಿಸ್, ಪೂರ್ತಿ ತುಳಿದರೆ ಮತ್ತೆ ಸರಿ. ವ್ಯಾಕ್ಯೂಮ್ ಪೈಪ್ ಕಿತ್ತಾಗ ಮಿಸ್ ನಿಂತರೆ ಇದೇ ಎಂದು ತಿಳಿಯಿರಿ.

ವೇಗದಲ್ಲಿ ಮಾತ್ರ ಗೊತ್ತುಗುರಿಯಿಲ್ಲದೆ ಮಿಸ್ ಹೊಡೆದು, ಜತೆಗೆ ರೇಡಿಯೋದಲ್ಲಿ ಗರಗರ ಇದ್ದರೆ ಪ್ಲಗ್ ವೈರ್ ಅಳೆಯಿರಿ. ಓಮ್ ಸೊನ್ನೆ ಬಂದರೆ ತಾಮ್ರದ ತಂತಿಯವು. ಅವುಗಳ ಅಬ್ಬರ ಮಾಡ್ಯೂಲನ್ನು ಗೊಂದಲಕ್ಕೆ ಕೆಡವುತ್ತದೆ. ಕಿಲೋ ಓಮ್ ಲೆಕ್ಕದಲ್ಲಿ ತೋರಿಸುವ ಕಾರ್ಬನ್ ವೈರ್ ಹಾಕಿ ಅಥವಾ ರೆಸಿಸ್ಟರ್ ಇರುವ ಪ್ಲಗ್ ತನ್ನಿ. ಎನ್‌ಜಿಕೆ ಪ್ಲಗ್ ಹೆಸರಿನ ನಡುವೆ ಬರುವ ‘ಆರ್’ ಅಕ್ಷರ ಅದನ್ನೇ ಹೇಳುತ್ತದೆ. ಪ್ಲಗ್ ಗ್ಯಾಪ್ ಮೊದಲಿಗೆ ಹಳೆಯ 0.025 ಇಂಚನ್ನೇ, ಅಂದರೆ ಸುಮಾರು 0.6 ಮಿ.ಮೀ. ಇಡಿ. ಎಲೆಕ್ಟ್ರಾನಿಕ್ ಬಂತು ಎಂದು 1 ಮಿ.ಮೀ. ತೆರೆದರೆ ಹಳೇ ಕ್ಯಾಪ್ ಮೊದಲು ಸೋಲುತ್ತದೆ.

ಕ್ಯಾಪ್ ಸೋತದ್ದನ್ನು ಕತ್ತಲಲ್ಲಿ ನೋಡಬೇಕು. ರಾತ್ರಿ ಲೈಟ್ ಆರಿಸಿ ಬಾನೆಟ್ ಎತ್ತಿ: ಕ್ಯಾಪ್ ಮೇಲೆ ನೀಲಿ ಗೆರೆ ಹರಿದಾಡಿದರೆ ಅಲ್ಲಿ ಕರೆಂಟ್ ಸೋರುತ್ತಿದೆ. ಕೆಂಧೂಳು ಎಣ್ಣೆ ಜಿಡ್ಡಿನ ಜತೆ ಕೂತು, ಗಂಗಾವತಿ-ಸಿಂಧನೂರಿನ ಗದ್ದೆ ಬಯಲಿನ ಬೆಳಗಿನ ತೇವ ತಾಗಿದರೆ ಸೋರಿಕೆಗೆ ಅಷ್ಟೇ ಸಾಕು. ಒಣ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ ಕಂಡರೆ ಒರೆಸಿ ಪ್ರಯೋಜನವಿಲ್ಲ, ಹೊಸ ಕ್ಯಾಪ್. ಅದಿರಿನ ಧೂಳು ಅಯಸ್ಕಾಂತದ ಬಳೆಗೆ ಅಂಟಿ ಕೆಲಸ ಕೆಡುತ್ತದೆ ಎಂದು ಹೆದರುವವರಿದ್ದಾರೆ. ನಮ್ಮ ಕಡೆಯ ಹೆಮಟೈಟ್ ಅದಿರು ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಅಂಟುವುದು ಗ್ಯಾರೇಜ್‌ನಲ್ಲಿ ಪಕ್ಕದಲ್ಲೇ ಗ್ರೈಂಡರ್ ಹಿಡಿದಾಗ ಹಾರುವ ಕಬ್ಬಿಣದ ಪುಡಿ. ಕ್ಯಾಪ್ ತೆರೆದಿರುವಾಗ ಯಾರೂ ಹತ್ತಿರ ಉಜ್ಜದಿರಲಿ.

“ಕೀ ಆಫ್ ಮಾಡಿದ್ರೂ ಎಂಜಿನ್ ನಿಂದ್ರವಲ್ದು”

ರಿಲೇ ಹಾಕಿಸಿದ ಮೇಲೆ, ಅದೂ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ ಗಾಡಿಯಲ್ಲಿ ಇದು ಆಗುತ್ತದೆ. ಚಾರ್ಜಿಂಗ್ ಕೆಂಪು ಲೈಟಿನ ವೈರ್ ಮೂಲಕ ಹಿಂದಿನಿಂದ ಕರೆಂಟ್ ಬಂದು ರಿಲೇಯನ್ನು ಹಿಡಿದಿಡುತ್ತದೆ. ಆ ವೈರ್‌ನಲ್ಲಿ ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು ಡಯೋಡ್ ಸೇರಿಸಿದರೆ ಮುಗಿಯಿತು. ಸದ್ಯಕ್ಕೆ ನಿಲ್ಲಿಸಲು ಬ್ರೇಕ್ ಒತ್ತಿ, ಟಾಪ್ ಗೇರ್‌ಗೆ ಹಾಕಿ ಕ್ಲಚ್ ನಿಧಾನ ಬಿಡಿ.

ಕೀ ಆಫ್ ಆದ ಮೇಲೆ ಎಂಜಿನ್ ಗಡಗಡ ನಡುಗುತ್ತಾ ಎರಡು ಮೂರು ಸುತ್ತು ಓಡಿ ಸತ್ತರೆ ಅದು ಬೇರೆ. ಒಳಗಿನ ಕಾರ್ಬನ್ ಕೆಂಡವಾಗಿ ತಾನೇ ಉರಿಸುತ್ತಿದೆ, ಇಗ್ನಿಷನ್‌ಗೂ ಅದಕ್ಕೂ ಸಂಬಂಧವಿಲ್ಲ.

“ಎರಡನೇ ಮಾಡ್ಯೂಲೂ ಹೋತು”

ಮೂರನೆಯದಕ್ಕೆ ದುಡ್ಡು ಕೊಡುವ ಮುಂಚೆ ಚಾರ್ಜಿಂಗ್ ನೋಡಿ. ಎಂಜಿನ್ ಹದವಾಗಿ ರೇಸ್ ಮಾಡಿ ಬ್ಯಾಟರಿ ಮೇಲೆ ಅಳೆದರೆ 13.8ರಿಂದ 14.5 ವೋಲ್ಟ್ ಒಳಗಿರಬೇಕು. 15 ದಾಟಿದರೆ ಅಲ್ಲೇ ನಿಲ್ಲಿಸಿ. ಚಾರ್ಜಿಂಗ್ ಹದದಲ್ಲಿಡುವ ಹಳೇ ಕಟೌಟ್ ಡಬ್ಬಿಯೊಳಗಿನ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಹೀಗೇ ಓಡಿಸಿದರೆ ಮಾಡ್ಯೂಲ್ ಮಾತ್ರವಲ್ಲ, ಬ್ಯಾಟರಿಯ ಆಸಿಡ್ ಕುದಿಯುತ್ತದೆ. ಕುದಿಯುವ ಬ್ಯಾಟರಿಯಿಂದ ಹೊರಡುವ ಗ್ಯಾಸ್‌ಗೆ ಒಂದು ಬೀಡಿ ಕಿಡಿ ಸಾಕು. ಕಟೌಟ್ ಹೊಂದಿಸುವುದು ತಿಳಿದವರ ಕೆಲಸ, ಕಾಂಟ್ಯಾಕ್ಟ್ ಬಗ್ಗಿಸಿ ಅಂದಾಜಿಗೆ ಸರಿ ಮಾಡಲು ಹೋಗಬೇಡಿ.

ಇನ್ನು ಡಿಕ್ಕಿಯ ಡಬ್ಬಿಯ ವಿಷಯ. ಎಲ್ಲ ನೋಡಿಯೂ ತಲೆ ಕೆಟ್ಟರೆ ಮಾಡ್ಯೂಲ್ ಬಿಚ್ಚಿ ಹಳೇ ಪಾಯಿಂಟ್, ಕಂಡೆನ್ಸರ್ ವಾಪಸ್ ಹಾಕಿ. ಗ್ಯಾಪ್ 0.015 ಇಂಚು, ಟೈಮಿಂಗ್ ಮತ್ತೆ ಹಿಡಿಯಿರಿ. ಪಾಯಿಂಟ್ ಮೇಲೂ ಅದೇ ರೋಗ ಇದ್ದರೆ ಮಾಡ್ಯೂಲ್ ನಿರಪರಾಧಿ. ರೋಗ ಹೋದರೆ ಆತುರದಿಂದ ಮಾಡ್ಯೂಲ್ ಎಸೆಯಬೇಡಿ: ಪಾಯಿಂಟ್‌ಗೆ ಕಡಿಮೆ ವೋಲ್ಟೇಜ್ ನಡೆಯುತ್ತದೆ ಎಂದು ಮೊದಲೇ ಹೇಳಿದ್ದೇನೆ, ಕಾಯಿಲ್ ಪ್ಲಸ್ ಮೇಲೆ ಮತ್ತೊಮ್ಮೆ ಅಳೆದೇ ತೀರ್ಮಾನಿಸಿ.

ವೈರ್ ಸುಟ್ಟ ವಾಸನೆ, ಹೊಗೆ, ಫ್ಯೂಸ್ ಪದೇ ಪದೇ ಹೋಗುವುದು, ಪೆಟ್ರೋಲ್ ಸೋರಿಕೆ, ಟೈಮಿಂಗ್ ಎಷ್ಟು ಹಿಡಿದರೂ ನಿಲ್ಲದೆ ಜಾರುವುದು, ಇವು ಕಂಡರೆ ಬ್ಯಾಟರಿ ಬಿಚ್ಚಿ ಪಾಯಿಂಟ್ ಗಾಡಿ ಬಲ್ಲ ಆಟೋ ಎಲೆಕ್ಟ್ರಿಷಿಯನ್‌ನನ್ನೇ ಕರೆಯಿರಿ. ಈಗಿನ ಸ್ಕ್ಯಾನರ್ ಹಿಡಿದ ಹುಡುಗರಿಗೆ ಈ ಗಾಡಿಯಲ್ಲಿ ಚುಚ್ಚಲು ಸಾಕೆಟ್ಟೇ ಸಿಗುವುದಿಲ್ಲ. ಹಳೇ ಬಸ್ ಸ್ಟ್ಯಾಂಡ್ ಹಿಂದೆಯೋ ಲಾರಿ ಸ್ಟ್ಯಾಂಡ್ ಹತ್ತಿರವೋ ಇನ್ನೂ ಡೈನಮೋ ಸುತ್ತುವ ಹಿರಿಯರು ಇದ್ದರೆ ಅವರಲ್ಲಿಗೆ ಹೋಗಿ. ಹೋಗುವಾಗ ಕಿಟ್ ಚೀಟಿ, ಕಾಯಿಲ್‌ನ ಓಮ್, ಸೆಲ್ಫ್ ಹೊಡೆಯುವಾಗಿನ ವೋಲ್ಟ್, ಬಲ್ಬ್ ಏನು ತೋರಿಸಿತು ಎಂಬುದನ್ನು ಬರೆದು ಒಯ್ಯಿರಿ.